ಸೊಂಟದ ಪಿಸ್ತೂಲಿಗೆ ಭದ್ರವಾದ ಹೋಲ್‌ಸ್ಟರ್

ಕೆಜಿಎಫ್, ಬಂಗಾರಪೇಟೆ ಕಡೆ ಲೈಸೆನ್ಸ್ ಪಡೆದು ಪಿಸ್ತೂಲು ಇಟ್ಟುಕೊಂಡವರಿಗೆ, ಕಾವಲು ಕೆಲಸಕ್ಕೆ ಸೇರಿದ ಮಾಜಿ ಸೈನಿಕರಿಗೆ ಒಂದು ಮಾತು. ಪಿಸ್ತೂಲಿಗೆ ದೊಡ್ಡ ಮೊತ್ತ ಕೊಟ್ಟು ಹೋಲ್‌ಸ್ಟರಿಗೆ ಚೌಕಾಸಿ ಮಾಡಬೇಡಿ.

ಮೊದಲು ಟ್ರಿಗರ್ ನೋಡಿ. ಅದರ ಸುತ್ತಲ ಭಾಗ ಪೂರ್ತಿ ಮುಚ್ಚಿರಬೇಕು. ಬೆರಳಾಗಲಿ, ಅಂಗಿಯ ಅಂಚಾಗಲಿ ಒಳಗೆ ನುಸುಳಬಾರದು. ನಿಮ್ಮ ಪಿಸ್ತೂಲಿನ ಮಾಡೆಲ್‌ಗೇ ಅಚ್ಚು ಹಾಕಿದ್ದನ್ನು ಕೊಳ್ಳಿ. ಎಲ್ಲಕ್ಕೂ ಹೊಂದುವ ಬಟ್ಟೆಯ ಚೀಲ ಬೇಗ ಜೋತುಬೀಳುತ್ತದೆ, ಪಿಸ್ತೂಲು ಹೊರತೆಗೆದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಇದೆಯೆಂದು ಎರಡು ಸಲ ನೋಡಿ, ಪಿಸ್ತೂಲನ್ನು ಒಳಗಿಟ್ಟು, ಹಾಸಿಗೆಯ ಮೇಲೆ ಹೋಲ್‌ಸ್ಟರನ್ನು ತಲೆಕೆಳಗಾಗಿ ಅಲುಗಾಡಿಸಿ. ಪಿಸ್ತೂಲು ಜಾರಿದರೆ ಆ ಹೋಲ್‌ಸ್ಟರ್ ಬೇಡ. ಮಾರಿಕುಪ್ಪಂ ರೈಲಿನ ನೂಕುನುಗ್ಗಲು ಬಲ್ಲವರಿಗೆ ಪಿಸ್ತೂಲನ್ನು ಬಿಗಿಹಿಡಿಯುವ ಪಟ್ಟಿ ಏಕೆ ಬೇಕೆಂದು ವಿವರಿಸಬೇಕಿಲ್ಲ.

ಸೊಂಟಕ್ಕೆ ನೋವು ಬರುವುದು ಹೆಚ್ಚಾಗಿ ಬೆಲ್ಟಿನಿಂದ. ಮೆತ್ತನೆಯ ಬೆಲ್ಟು ಭಾರಕ್ಕೆ ವಾಲುತ್ತದೆ. ದಪ್ಪ, ಗಟ್ಟಿ ಬೆಲ್ಟಿರಲಿ, ಹೋಲ್‌ಸ್ಟರಿನ ಕುಣಿಕೆಗೆ ಅದರ ಅಗಲ ಸರಿಹೊಂದಲಿ. ಕೊಳ್ಳುವ ಮುನ್ನ ಬೈಕಿನ ಮೇಲೆ ಕುಳಿತು ನೋಡಿ, ಹಿಡಿ ಪಕ್ಕೆಗೆ ಒತ್ತುತ್ತದೆಯೇ ಎಂದು.

ಚರ್ಮದ್ದಾದರೆ ರಾತ್ರಿ ಪಿಸ್ತೂಲನ್ನು ಅದರಲ್ಲೇ ಬಿಡಬೇಡಿ. ಬೆವರಿನ ತೇವ ಹೀರಿದ ಚರ್ಮ ಉಕ್ಕಿಗೆ ತುಕ್ಕು ಹಿಡಿಸುತ್ತದೆ.

ಇನ್ನೊಂದು: 2016ರ ಆಯುಧ ನಿಯಮಗಳಂತೆ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಪೂರ್ತಿ ಮರೆಯಾಗಿರಬೇಕು. ಬೆಲ್ಟಿನ ಹೊರಗೆ ಕಟ್ಟುವವರು ಮೇಲೊಂದು ಸಡಿಲ ಜರ್ಕಿನ್ ಹಾಕಿಕೊಳ್ಳಿ. ಮದುವೆ ಮನೆಯಲ್ಲಿ ಪಿಸ್ತೂಲನ್ನು ಯಾರಿಗೂ ತೋರಿಸಬೇಡಿ.