ಬಿಸಿಲಿರುವಾಗಲೇ ಫರ್ನೇಸ್ ಹಚ್ಚಿ ನೋಡು

ಪುಟ್ಟಾ, ಮಿನಿಯಾಪೊಲಿಸ್‌ನಲ್ಲಿ ಮನೆ ತಗೊಂಡಿರಿ, ಹಾಲುಕ್ಕಿಸಿದ್ದೂ ಆಯ್ತು. ಆದರೆ ಅವತ್ತು ಬೇಸ್‌ಮೆಂಟಿಗಿಳಿದು ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸ್ ಮುಂದೆ ನಿಂತಾಗ ನಿಮ್ಮಿಬ್ಬರ ಮುಖ ನೋಡಿ ನನಗೆ ನಗು ಬಂತು. ಅಪಾರ್ಟ್‌ಮೆಂಟಿನಲ್ಲಿ ಇದ್ದಷ್ಟು ದಿನ ಅದರ ಚಿಂತೆ ಬೇರೆಯವರದ್ದಾಗಿತ್ತು. ಇನ್ನು ಅದೂ ನಿಮ್ಮ ಮನೆಯ ಹಂಡೆ ಒಲೆಯೇ.

ತೀರ್ಥಹಳ್ಳಿಯಲ್ಲಿ ನಿನ್ನ ಅಜ್ಜಿ ಏಪ್ರಿಲ್ ಬಿಸಿಲಲ್ಲೇ ಸೌದೆ ಒಣಗಿಸಿ ಕೊಟ್ಟಿಗೆ ತುಂಬಿಸುತ್ತಿದ್ದಳು. ಜೂನ್ ಮಳೆಯಲ್ಲಿ ಹಸಿ ಸೌದೆ ಊದುತ್ತಾ ಕೂತರೆ ಕಣ್ಣಲ್ಲಿ ನೀರು ಬರುತ್ತೆ, ಹಂಡೆಯ ನೀರು ಕಾಯಲ್ಲ. ಇಲ್ಲಿ ಆ ಏಪ್ರಿಲ್ ಬರೋದು ಸೆಪ್ಟೆಂಬರ್‌ನಲ್ಲಿ. ಒಂದು ದಿನ ಥರ್ಮೋಸ್ಟಾಟನ್ನು ಮನೆಯ ಬಿಸಿಗಿಂತ ನಾಲ್ಕೈದು ಡಿಗ್ರಿ ಮೇಲಿಟ್ಟು ಫರ್ನೇಸ್ ಹಚ್ಚಿ ನೋಡು. ಬೇಸಿಗೆಯಿಡೀ ಕೂತ ಧೂಳು ಸುಡುವ ವಾಸನೆ ಸ್ವಲ್ಪ ಹೊತ್ತು ಬರುತ್ತೆ, ಹೆದರಬೇಡ. ಗಂಟೆಯಾದರೂ ಹೋಗದಿದ್ದರೆ, ಇಲ್ಲಾ ವೈರ್ ಸುಟ್ಟ ಹಾಗೆ ನಾತ ಬಂದರೆ, ಆರಿಸಿ ಮೆಕ್ಯಾನಿಕ್‌ನ ಕರೆಸು. ಆಗ ಅವನಿಗೂ ಪುರುಸೊತ್ತಿರುತ್ತೆ. 2019ರ ಜನವರಿ 30ರಂದು ಈ ಊರಲ್ಲಿ ಮೈನಸ್ 28 ಫ್ಯಾರನ್‌ಹೀಟ್ ಇತ್ತು, ನಮ್ಮೂರ ಲೆಕ್ಕಕ್ಕೆ ಮೈನಸ್ 33 ಡಿಗ್ರಿ. ಅಂಥ ದಿನ ಫೋನ್ ಮಾಡಿದರೆ ನಿನ್ನ ಸರದಿ ಯಾವಾಗ ಬರುತ್ತೋ ದೇವರಿಗೇ ಗೊತ್ತು.

ಹಾಗಂತ ಎಲ್ಲಕ್ಕೂ ಮೆಕ್ಯಾನಿಕ್ ಬೇಡ. ನಮ್ಮ ಮೊದಲ ಚಳಿಗಾಲದಲ್ಲಿ ಒಂದು ರಾತ್ರಿ ಫರ್ನೇಸ್ ನಿಂತೇಹೋಯ್ತು. ನಿಮ್ಮ ಮಾವ ಭಾನುವಾರದ ದುಪ್ಪಟ್ಟು ದುಡ್ಡು ಕೊಟ್ಟು ಒಬ್ಬನನ್ನು ಕರೆಸಿದರು. ಬಂದವನು ಚೀಲವನ್ನೂ ಬಿಚ್ಚಲಿಲ್ಲ, ಪಕ್ಕದ ಗೋಡೆಯ ಸ್ವಿಚ್ ಒತ್ತಿದ, ಗಾಳಿ ಶುರುವಾಯ್ತು! ಲೈಟಿನದ್ದು ಅಂದುಕೊಂಡು ಅದನ್ನು ಆರಿಸಿದವಳು ನಾನೇ. ಅದರ ಮೇಲೆ ಇವತ್ತೇ ಒಂದು ಚೀಟಿ ಅಂಟಿಸು. ಥರ್ಮೋಸ್ಟಾಟಿನ ಬ್ಯಾಟರಿಯನ್ನೂ ಬದಲಿಸಿಬಿಡು. ಫರ್ನೇಸಿನ ಮುಚ್ಚಳ ಸರಿಯಾಗಿ ಕೂರದಿದ್ದರೂ ಅದು ಹೊತ್ತಿಕೊಳ್ಳಲ್ಲ, ನೆನಪಿರಲಿ.

ಫಿಲ್ಟರ್ ವಿಷಯಕ್ಕೆ ಬಂದರೆ, ನಮ್ಮಂಥವರ ಮನೆಯಲ್ಲಿ ದಿನಾ ಒಗ್ಗರಣೆ, ಊದುಬತ್ತಿ, ಹಬ್ಬಕ್ಕೆ ಕರಿಯೋದು. ಒಂದಿಂಚಿನ ಫಿಲ್ಟರಾದರೆ ತಿಂಗಳಿಗೊಮ್ಮೆ ಎಳೆದು ನೋಡು. ಬೆಳಕಿಗೆ ಹಿಡಿದಾಗ ಆಚೆ ಕಾಣದಿದ್ದರೆ ಎಸೆ. ಚೌಕಟ್ಟಿನ ಮೇಲಿರೋ ಬಾಣದ ಗುರುತು ಫರ್ನೇಸ್ ಕಡೆಗೆ ಇರಬೇಕು. ಅಂಗಡಿಯಲ್ಲಿ ಅತಿ ದಟ್ಟನೆಯ ದುಬಾರಿ ಫಿಲ್ಟರ್ ತೋರಿಸಿ ಆಸೆ ಹುಟ್ಟಿಸುತ್ತಾರೆ. ಹಳೆಯ ಫರ್ನೇಸಿಗೆ ಅದು ಮೂಗಿಗೆ ಕಂಬಳಿ ಒತ್ತಿದ ಹಾಗೆ, ಬೇಡ.

ಮನೆಯ ಹೊರಗೋಡೆಯಲ್ಲಿ ಎರಡು ಬಿಳಿ ಪೈಪು ಇವೆಯಲ್ಲ, ಫರ್ನೇಸ್ ಉಸಿರಾಡೋದು ಅವುಗಳಿಂದಲೇ. ಹಿಮ ಬಿದ್ದಾಗಲೆಲ್ಲ ಅವುಗಳ ಬಾಯಿಂದ ಅದನ್ನು ಸರಿಸು. ಡ್ರೈವ್‌ವೇ ಹಿಮವನ್ನು ತಂದು ಅಲ್ಲೇ ಸುರಿಯಬೇಡ ಮಾರಾಯ, ನಿಮ್ಮ ಮಾವ ಹಾಗೇ ಮಾಡಿ ರಾತ್ರಿಯಿಡೀ ನಾವು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ವಿ.

ಇನ್ನೊಂದು ಮಾತ್ರ ನಗೋ ವಿಷಯ ಅಲ್ಲ. ಗ್ಯಾಸ್ ಸೋರಿದರೆ ಕೊಳೆತ ಮೊಟ್ಟೆ ವಾಸನೆ ಬರುತ್ತೆ. ಆಗ ಸ್ವಿಚ್ ಮುಟ್ಟದೆ, ಎಲ್ಲರೂ ಹೊರಗೆ ಬಂದು ನಿಂತು ಫೋನ್ ಮಾಡಿ. ಆದರೆ ಗ್ಯಾಸ್ ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದೇ ಹೋದ ಕಥೆ ಊರಲ್ಲಿ ಕೇಳಿದ್ದೀಯಲ್ಲ, ಅದೇ ವಿಷ. ಮಲಗುವ ಪ್ರತಿ ಕೋಣೆಯಿಂದ ಹತ್ತು ಅಡಿಯೊಳಗೆ ಅದನ್ನು ಪತ್ತೆಹಚ್ಚುವ ಅಲಾರಂ ಇರಲೇಬೇಕು ಅಂತ ಮಿನೆಸೋಟದಲ್ಲಿ ಕಾನೂನೇ ಇದೆ. ಹಿಂದಿನ ಮಾಲೀಕರು ಬಿಟ್ಟುಹೋದದ್ದನ್ನು ನಂಬಬೇಡ, ತಿರುಗಿಸಿ ತಾರೀಖು ನೋಡು. ಅದಕ್ಕೂ ಆಯಸ್ಸಿದೆ.

ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತೀರಂತೆ. ಖರ್ಚು ಉಳಿಯಲಿ ಅಂತ ಫರ್ನೇಸ್ ಆರಿಸಿ ಹೋದೀಯ, ಜೋಕೆ! ನಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಒಡೆದರೆ ಬರುವಷ್ಟರಲ್ಲಿ ಬೇಸ್‌ಮೆಂಟ್ ಕೆರೆಯಾಗಿರುತ್ತೆ. 55 ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಸಬೇಡ, ನೀರಿನ ಮುಖ್ಯ ವಾಲ್ವ್ ತಿರುಗಿಸಿ ಮುಚ್ಚು, ಕೀಲಿಕೈ ನನ್ನ ಹತ್ತಿರ ಕೊಟ್ಟು ಹೋಗು.

ಈ ಭಾನುವಾರ ಬಿಸಿಲಿದೆಯಂತೆ, ಮಾವನನ್ನೂ ಕರಕೊಂಡು ಬರ್ತೀನಿ. ಫಿಲ್ಟರಿನ ಅಂಚಲ್ಲಿ ಅಳತೆಯ ಮೂರು ಅಂಕಿ ಇರುತ್ತೆ, ಅದನ್ನು ಓದಿ ಫೋನ್ ಮಾಡು. ದಾರಿಯಲ್ಲೇ ತಗೊಂಡು ಬರ್ತೀನಿ.