ಎಂಜಿನ್ನಿನ ಮೂಗು ಮುಚ್ಚಬೇಡಿ

ಹೋದ ಸೆಮಿಸ್ಟರ್‌ನಲ್ಲಿ ನಾನು ಮಾಡಿದ ಒಂದು ದಡ್ಡತನದಿಂದಲೇ ಶುರು ಮಾಡ್ತೀನಿ. ಬೈಕನ್ನು ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಆಯಿಲ್ ಮಟ್ಟ ತೋರಿಸುವ ಗಾಜಿನ ಕಿಂಡಿ ನೋಡಿದೆ. ಮಟ್ಟ ಕಡಿಮೆ ಅನ್ನಿಸ್ತು, ಸುರಿದೆ. ವಾರದೊಳಗೆ ಏರ್ ಫಿಲ್ಟರ್ ಡಬ್ಬಿಯ ತುಂಬಾ ಆಯಿಲ್. ಎಲ್ಲಿಂದ ಅಂತ ಹುಡುಕಿದರೆ, ಎಂಜಿನ್‌ನಿಂದ ಆ ಡಬ್ಬಿಗೆ ಹೋಗುವ ಬೆರಳು ದಪ್ಪದ ಒಂದು ರಬ್ಬರ್ ಪೈಪ್ ಸಿಕ್ತು. ಅದನ್ನು ಡಬ್ಬಿಯಿಂದ ಕಿತ್ತು, ಬಾಯಿಗೆ ಒಂದು ಬೋಲ್ಟ್ ತುರುಕಿ, ಕ್ಲ್ಯಾಂಪ್ ಬಿಗಿದೆ. ಸೋರಿಕೆ ನಿಂತೇ ಹೋಯ್ತು!

ಮೂರನೇ ದಿನ ಮುಂದಿನ ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲ್ ಜಾಗ ಬಿಟ್ಟು ಹೊರಗೆ ಬಂದಿತ್ತು. ಆಯಿಲ್ ಚೈನಿಗೆ ಹತ್ತಿ, ಹಿಂದಿನ ಟೈರಿನ ಅಂಚಿಗೂ ಸಿಡಿದಿತ್ತು. ಗೇಟಿನ ತಿರುವಿನಲ್ಲಿ ಜಾರಲಿಲ್ಲ ಅನ್ನೋದು ನನ್ನ ಅದೃಷ್ಟ. ಗ್ಯಾರೇಜಿನ ಮೇಸ್ತ್ರಿ ಬೋಲ್ಟ್ ನೋಡಿ ಕೇಳಿದ್ದು ಒಂದೇ ಮಾತು: "ಇದರ ಮೂಗು ಮುಚ್ಚಿದ್ದು ಯಾರು?"

ಆ ಪೈಪಿನ ಹೆಸರು ಬ್ರೀದರ್. ಅದು ಮಾಡುವ ಕೆಲಸಕ್ಕೆ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್ ಅಂತಾರೆ.

ಪಿಸ್ಟನ್ನಿಗೆ ಎರಡು ಮುಖ

ಫೋರ್ ಸ್ಟ್ರೋಕ್ ಎಂಜಿನ್ ಪಾಠದಲ್ಲಿ ನಾವು ಪಿಸ್ಟನ್ ಮೇಲೆ ನಡೆಯುವುದನ್ನಷ್ಟೇ ಓದ್ತೀವಿ. ಆದರೆ ಪಿಸ್ಟನ್ ಕೆಳಗೂ ಗಾಳಿ ಇದೆ. ಪಿಸ್ಟನ್ ಇಳಿದಾಗ ಅದು ಒತ್ತಿಕೊಳ್ಳುತ್ತೆ, ಏರಿದಾಗ ಹಿಗ್ಗುತ್ತೆ.

ಹಳೆಯ ಬುಲೆಟ್ 350ರ ಲೆಕ್ಕ ನೋಡೋಣ. ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90 ಮಿಲಿಮೀಟರ್. ಅಂದ್ರೆ ಸುಮಾರು 346 ಸಿಸಿ. ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಕ್ರ್ಯಾಂಕ್‌ಕೇಸಿನಲ್ಲಿ 1000 ಸಿಸಿ ಖಾಲಿ ಜಾಗ ಇದೆ ಅಂತ ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಪಿಸ್ಟನ್ ಪೂರ್ತಿ ಮೇಲಿದ್ದಾಗ ಅದು 1346 ಸಿಸಿ. ಪಿಸ್ಟನ್ ಮೇಲಿದ್ದಾಗ ಒಳಗೆ 1 ಬಾರ್ ಒತ್ತಡ ಇದ್ದು, ತಾಪ ಬದಲಾಗದೆ, ಎಲ್ಲ ದಾರಿ ಮುಚ್ಚಿದ್ದರೆ, ಕೆಳಗೆ ಬಂದಾಗ ಬಾಯ್ಲ್ ನಿಯಮದ ಪ್ರಕಾರ ಸುಮಾರು 1.35 ಬಾರ್. 3000 ಆರ್‌ಪಿಎಂನಲ್ಲಿ ಈ ಏರಿಳಿತ ಸೆಕೆಂಡಿಗೆ 50 ಸಲ.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು, ಯಾಕಂದ್ರೆ ಏರಿಳಿತಕ್ಕೆ ಒಂದು ಮಿತಿ ಇದೆ. ಮಿತಿ ಇಲ್ಲದ್ದು ಇನ್ನೊಂದಿದೆ: ಬ್ಲೋ ಬೈ. ಪಿಸ್ಟನ್ ರಿಂಗ್ ಪೂರ್ತಿ ಬಳೆಯಲ್ಲ. ಬಿಸಿಗೆ ಹಿಗ್ಗಲು ಅದರಲ್ಲಿ ಸಣ್ಣ ಸೀಳು ಬಿಟ್ಟಿರ್ತಾರೆ. ಮೇಲೆ ಪೆಟ್ರೋಲ್ ಉರಿಯುವಾಗ ಒತ್ತಡ ಹತ್ತಾರು ಬಾರ್ ಮುಟ್ಟುತ್ತೆ. ಆ ಸೀಳಿನಿಂದ, ರಿಂಗಿನ ಪಕ್ಕದಿಂದ ಸ್ವಲ್ಪ ಅನಿಲ ಪ್ರತಿ ಸಲವೂ ಕೆಳಗೆ ನುಸುಳುತ್ತೆ. ಹೊಸ ಎಂಜಿನ್‌ನಲ್ಲಿ ಕಡಿಮೆ, ಸವೆದದ್ದರಲ್ಲಿ ಜಾಸ್ತಿ. ಹೊರಗೆ ದಾರಿ ಇಲ್ಲದಿದ್ದರೆ ಇದು ಜಮೆ ಆಗ್ತಾನೇ ಹೋಗುತ್ತೆ. ಕೊನೆಗೆ ಎಲ್ಲಿ ದುರ್ಬಲವೋ ಅಲ್ಲಿ ದಾರಿ ಮಾಡಿಕೊಳ್ಳುತ್ತೆ. ನಮ್ಮ ಬಹುತೇಕ ಬೈಕುಗಳಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್, ಒಂದೇ ಜಾಗ. ಹಾಗಾಗಿ ನನ್ನ ತಪ್ಪಿಗೆ ದಂಡ ಕಟ್ಟಿದ್ದು ಗೇರ್‌ಬಾಕ್ಸಿನ ಸೀಲ್.

ಬರೀ ತೂತು ಸಾಲದು

ಹಾಗಾದರೆ ಒಂದು ತೂತು ಕೊರೆದರೆ ಸಾಕಲ್ವಾ? ಸಾಲದು. ಪಿಸ್ಟನ್ ಏರುವಾಗ ಅದೇ ತೂತಿನಿಂದ ದೂಳು, ನೀರು ಒಳಗೆ ಬರುತ್ತೆ. ಅದಕ್ಕೇ ಹಲವು ಎಂಜಿನ್‌ಗಳಲ್ಲಿ ಒಮ್ಮುಖ ವಾಲ್ವ್ ಇರುತ್ತೆ. ಹಳೆಯ ಬುಲೆಟ್‌ನಲ್ಲಿ ಇದು ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ತುಂಡು. ಒಳಗಿನಿಂದ ಒತ್ತಿದರೆ ಕೊಕ್ಕು ತೆರೆಯುತ್ತೆ, ಹೊರಗಿನಿಂದ ಒತ್ತಿದರೆ ಮುಚ್ಚಿಕೊಳ್ಳುತ್ತೆ.

ಇದರಿಂದ ಇನ್ನೊಂದು ಲಾಭ ಇದೆ. ಪಿಸ್ಟನ್ ಇಳಿದಾಗ ಹೆಚ್ಚಿನ ಗಾಳಿ ಹೊರಗೆ ಹೋಗಿ ಒಳಗೆ 1 ಬಾರ್ ಉಳಿಯಿತು ಅನ್ನಿ. ವಾಲ್ವ್ ಮುಚ್ಚಿದ ಮೇಲೆ ಪಿಸ್ಟನ್ ಏರಿದರೆ ಮೇಲಿನ ಲೆಕ್ಕದಲ್ಲೇ ಒತ್ತಡ ಸುಮಾರು 0.74 ಬಾರಿಗೆ ಇಳಿಯುತ್ತೆ. ಅಂದ್ರೆ ಸರಾಸರಿಯಲ್ಲಿ ಕ್ರ್ಯಾಂಕ್‌ಕೇಸ್ ಒಳಗೆ ಹೊರಗಿಗಿಂತ ಕಡಿಮೆ ಒತ್ತಡ. ಸೀಲ್ ಹತ್ತಿರ ಗಾಳಿ ಒಳಕ್ಕೆ ಒತ್ತುತ್ತೆ, ಆಯಿಲ್ ಹೊರಗೆ ಬರಲ್ಲ. ವಾಲ್ವ್ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಈ ಲಾಭ ಹೋಯ್ತು. ಹಳೇ ಬೈಕಿಗೆ ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಬದಲಿಸುವ ಮುಂಚೆ ಆ ಸಣ್ಣ ರಬ್ಬರ್ ನೋಡಿ.

ಸಿಲಿಂಡರ್ ಹೆಚ್ಚಾದರೆ ಕಥೆ ಬದಲಾಗುತ್ತೆ. 1959ರ ಟ್ರಯಂಫ್ ಬೋನೆವಿಲ್ 649 ಸಿಸಿಯ ಟ್ವಿನ್; ಅದರ ಎರಡೂ ಪಿಸ್ಟನ್ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಬ್ರೀದರ್ ಅಷ್ಟೂ ಗಾಳಿಯನ್ನು ಸಂಭಾಳಿಸಬೇಕು. 180 ಡಿಗ್ರಿ ಕ್ರ್ಯಾಂಕಿನ ಟ್ವಿನ್‌ನಲ್ಲಿ ಒಂದು ಇಳಿದರೆ ಇನ್ನೊಂದು ಏರುತ್ತೆ. ಗಾಳಿ ಒಳಗೊಳಗೇ ಆಚೀಚೆ ಓಡಾಡುತ್ತೆ, ಒಟ್ಟು ಜಾಗ ಹೆಚ್ಚು ಬದಲಾಗಲ್ಲ. ಅಲ್ಲಿ ಬ್ರೀದರಿನ ಮುಖ್ಯ ಕೆಲಸ ಬ್ಲೋ ಬೈ ಹೊರಗೆ ಹಾಕುವುದು. ಇನ್ನು ಮೈಸೂರಿನಲ್ಲಿ ತಯಾರಾಗ್ತಿದ್ದ ಹಳೇ ಯೆಜ್ಡಿಯಂಥ ಟೂ ಸ್ಟ್ರೋಕ್‌ಗೆ ಕ್ರ್ಯಾಂಕ್‌ಕೇಸೇ ಪಂಪ್. ಪೆಟ್ರೋಲ್ ಮಿಶ್ರಣ ಅಲ್ಲೇ ಒತ್ತಿಕೊಂಡು ಮೇಲೆ ಹೋಗಬೇಕು. ಅಲ್ಲಿ ಬ್ರೀದರ್ ಇಟ್ಟರೆ ಬೈಕೇ ಓಡಲ್ಲ!

ಹೊರಗೆ ಬಂದದ್ದು ಎಲ್ಲಿಗೆ?

ಬ್ಲೋ ಬೈ ಅಂದ್ರೆ ಬರೀ ಗಾಳಿಯಲ್ಲ. ಅದರಲ್ಲಿ ಸುಡದ ಪೆಟ್ರೋಲ್ ಆವಿ, ಸುಟ್ಟ ಅನಿಲ, ನೀರಾವಿ ಇರುತ್ತೆ. ಹಿಂದೆ ಇದನ್ನೆಲ್ಲ ನೇರವಾಗಿ ರಸ್ತೆಗೇ ಬಿಡ್ತಿದ್ರು. ಹೊಗೆಮಂಜಿನಿಂದ ಕಂಗೆಟ್ಟಿದ್ದ ಕ್ಯಾಲಿಫೋರ್ನಿಯಾದಲ್ಲಿ 1961ರ ಕಾರುಗಳಿಂದ ಶುರುವಾಗಿ, ಈ ಅನಿಲವನ್ನು ವಾಪಸ್ ಎಂಜಿನ್ನಿಗೇ ಕಳಿಸಿ ಸುಡುವ ಪದ್ಧತಿ ಬಂತು. ನಮ್ಮ ಇವತ್ತಿನ ಬೈಕುಗಳಲ್ಲಿ ಬ್ರೀದರ್ ಪೈಪ್ ಏರ್ ಫಿಲ್ಟರ್ ಡಬ್ಬಿಗೆ ಹೋಗುವುದು ಇದಕ್ಕೇ. ದಾರಿಯಲ್ಲಿ ಆಯಿಲ್ ಹನಿಗಳನ್ನು ಬೇರ್ಪಡಿಸಲು ಅಂಕುಡೊಂಕಾದ ಕೋಣೆಯೊಂದಿರುತ್ತೆ. ಅನಿಲ ತಿರುಗಿ ಹೋಗುತ್ತೆ. ಭಾರದ ಹನಿ ಗೋಡೆಗೆ ಬಡಿದು ಕೆಳಗಿಳಿಯುತ್ತೆ. ನಾನು ಆಯಿಲ್ ಜಾಸ್ತಿ ಸುರಿದಾಗ ಒಳಗಿನ ಗೇರು, ಕ್ರ್ಯಾಂಕು ಅದನ್ನು ಕಡೆದು ನೊರೆ ಮಾಡಿದ್ದವು. ಅಷ್ಟು ನೊರೆಯನ್ನು ಆ ಕೋಣೆ ಹೇಗೆ ತಡೆದೀತು? ಬ್ರೀದರ್ ಕೆಟ್ಟಿರಲಿಲ್ಲ, ದೂರು ಹೇಳ್ತಿತ್ತು ಅಷ್ಟೇ.

ನೀರಾವಿಯದ್ದೂ ಒಂದು ಮಾತು. 1 ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 1 ಲೀಟರ್ ನೀರು ಹುಟ್ಟುತ್ತೆ. ಬಹುಪಾಲು ಸೈಲೆನ್ಸರಿನಿಂದ ಹೋದರೂ ಸ್ವಲ್ಪ ಕೆಳಗಿಳಿಯುತ್ತೆ. ಹಾಸ್ಟೆಲಿನಿಂದ ಕ್ಲಾಸಿಗೆ, ಕ್ಲಾಸಿನಿಂದ ಕ್ಯಾಂಟೀನಿಗೆ ಅಂತ ಎರಡೆರಡು ನಿಮಿಷ ಮಾತ್ರ ಓಡಿಸಿದರೆ ಆಯಿಲ್ ಬಿಸಿಯಾಗಲ್ಲ, ನೀರು ಆವಿಯಾಗಿ ಬ್ರೀದರ್ ತನಕ ಬರಲ್ಲ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಲೋಳೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗಲಿ.

ಉಳಿದದ್ದು ಸುಲಭ. ಬೈಕನ್ನು ನೆಟ್ಟಗೆ ನಿಲ್ಲಿಸಿಯೇ ಆಯಿಲ್ ಮಟ್ಟ ನೋಡಿ. ಸರ್ವಿಸ್ ಆದ ಮೇಲೆ ಬ್ರೀದರ್ ಪೈಪ್ ಮಡಚಿಕೊಂಡಿಲ್ಲ ತಾನೇ ಅಂತ ಕೈಯಾಡಿಸಿ. ಏರ್ ಫಿಲ್ಟರ್ ಡಬ್ಬಿಯ ಕೆಳಗಿನ ಡ್ರೈನ್ ಟ್ಯೂಬಿನಲ್ಲಿ ಆಯಿಲ್ ತುಂಬಿದ್ದರೆ ಖಾಲಿ ಮಾಡಿ. ಮಟ್ಟ ಸರಿಯಿದ್ದೂ ಪದೇ ಪದೇ ತುಂಬ್ತಿದ್ದರೆ ರಿಂಗ್ ಸವೆದಿರಬಹುದು, ಮೆಕ್ಯಾನಿಕ್ ಹತ್ತಿರ ಹೋಗಿ. ಬೋಲ್ಟ್ ಮಾತ್ರ ಹುಡುಕಬೇಡಿ.