ಮಾವಿನಹಣ್ಣು ಮತ್ತು ದ್ವಿಬಂಧ

ಕಾಮರ್ಸ್‌ನವರಿಗೆ ಕೆಮಿಸ್ಟ್ರಿ ಯಾಕೆ ಎಂದು ಗೆಳೆಯರು ಕೇಳಬಹುದು. ಹಣ್ಣಿನ ವ್ಯಾಪಾರ ಸರಿಯಾಗಿ ಅರ್ಥವಾಗಬೇಕಾದರೆ ಲೆಕ್ಕದ ಪುಸ್ತಕದ ಜೊತೆಗೆ ಒಂದು ಅಣುವಿನ ರಚನೆಯೂ ಗೊತ್ತಿರಬೇಕು. ಅದು ಎಥಿಲೀನ್, ಅಂದರೆ ನಾವು ಹತ್ತನೇ ತರಗತಿಯಲ್ಲಿ ಓದಿದ ಈಥೀನ್.

ಕಾರ್ಬನ್‌ಗೆ ನಾಲ್ಕು ಕೈಗಳಿವೆ ಎಂದುಕೊಳ್ಳಿ. ಈಥೇನ್‌ನಲ್ಲಿ ಎರಡು ಕಾರ್ಬನ್‌ಗಳು ಒಂದೊಂದು ಕೈಯಿಂದ ಪರಸ್ಪರ ಹಿಡಿದು, ಉಳಿದ ಆರು ಕೈಗಳಲ್ಲಿ ಆರು ಹೈಡ್ರೋಜನ್ ಹಿಡಿದಿರುತ್ತವೆ. ಇನ್ನು ಜಾಗವಿಲ್ಲ, ಇದು ಪರ್ಯಾಪ್ತ. ಈಥೀನ್‌ನಲ್ಲಿ ಎರಡೆರಡು ಕೈ ಹಿಡಿದಿರುವುದರಿಂದ ಹೈಡ್ರೋಜನ್ ನಾಲ್ಕೇ. ಹೀಗೆ ಒಂದು ದ್ವಿಬಂಧವಿರುವ ಸರಪಳಿಗಳೇ ಆಲ್ಕೀನ್‌ಗಳು. ಇವುಗಳಲ್ಲಿ ಹೈಡ್ರೋಜನ್ ಯಾವಾಗಲೂ ಕಾರ್ಬನ್‌ನ ಎರಡರಷ್ಟು: ಪ್ರೊಪೀನ್‌ನಲ್ಲಿ 3ಕ್ಕೆ 6, ಬ್ಯುಟೀನ್‌ನಲ್ಲಿ 4ಕ್ಕೆ 8.

ದ್ವಿಬಂಧ ಎಂದರೆ ಎರಡರಷ್ಟು ಗಟ್ಟಿ ಎಂದು ತಿಳಿಯಬೇಡಿ. ಎರಡನೆಯ ಬಂಧ ಮೊದಲನೆಯದಕ್ಕಿಂತ ದುರ್ಬಲ. ಬೇರೆಯವರು ಬಂದರೆ ಆ ಕೈ ಬಿಟ್ಟು ಅವರನ್ನು ಸೇರಿಸಿಕೊಳ್ಳುತ್ತದೆ. ಅದಕ್ಕೇ ಈಥೀನ್ ಹಾಯಿಸಿದರೆ ಬ್ರೋಮಿನ್ ನೀರಿನ ಬಣ್ಣ ಹೋಗುತ್ತದೆ. ಸಾವಿರಾರು ಈಥೀನ್‌ಗಳು ಹೀಗೆ ಕೈ ಜೋಡಿಸಿದರೆ ಪಾಲಿಥೀನ್, ನಮ್ಮ ಅಂಗಡಿ ಕವರ್.

ಈಗ ಮಂಡಿಗೆ ಬರೋಣ. ಹಣ್ಣು ತನ್ನೊಳಗೇ ಎಥಿಲೀನ್ ತಯಾರಿಸುತ್ತದೆ. 1934ರಲ್ಲಿ ಇಂಗ್ಲೆಂಡಿನ ಗೇನ್ ಇದನ್ನು ಸಾಬೀತು ಮಾಡಿದರು. ದೂರದ ಊರಿಗೆ ಕಾಯಿಯನ್ನೇ ಕಳಿಸಿ ಅಲ್ಲಿ ಹಣ್ಣು ಮಾಡುತ್ತಾರೆ, ಇಲ್ಲದಿದ್ದರೆ ದಾರಿಯಲ್ಲೇ ಕೊಳೆತು ನಷ್ಟ. ಇದರಲ್ಲಿ ಮೋಸವೇನೂ ಇಲ್ಲ. ಹೇಗೆ ಮಾಡುತ್ತಾರೆ ಎಂಬುದೇ ಪ್ರಶ್ನೆ. ಕೆಲವರು ಕ್ಯಾಲ್ಸಿಯಂ ಕಾರ್ಬೈಡ್ ಪೊಟ್ಟಣ ಇಡುತ್ತಾರೆ. ತೇವ ತಗುಲಿದರೆ ಅದರಿಂದ ಅಸಿಟಿಲೀನ್ ಹೊರಡುತ್ತದೆ. ಇದರಲ್ಲಿರುವುದು ತ್ರಿಬಂಧ, ಎಥಿಲೀನ್ ಕೆಲಸವನ್ನೇ ಮಾಡುತ್ತದೆ, ಆದರೆ ಅಷ್ಟು ಚೆನ್ನಾಗಿ ಅಲ್ಲ. ಮಾರುಕಟ್ಟೆಯ ಕಾರ್ಬೈಡ್‌ನಲ್ಲಿ ಆರ್ಸೆನಿಕ್, ಫಾಸ್ಫರಸ್ ಅಂಶವೂ ಇರುತ್ತದೆ. ಅದು ವಿಷ. ಆಹಾರ ಸುರಕ್ಷತಾ ಪ್ರಾಧಿಕಾರ ಕಾರ್ಬೈಡ್ ನಿಷೇಧಿಸಿ, ಎಥಿಲೀನ್ ಅನಿಲವನ್ನು ಹತ್ತು ಲಕ್ಷ ಭಾಗಕ್ಕೆ 100 ಭಾಗದವರೆಗೆ ಬಳಸಲು ಒಪ್ಪಿದೆ. ಆದರೆ ಅದಕ್ಕೆ ಮುಚ್ಚಿದ ಕೋಣೆ, ಯಂತ್ರ, ಬಂಡವಾಳ ಬೇಕು. ಪೊಟ್ಟಣ ಅಗ್ಗ. ನಿಷೇಧವಿದ್ದರೂ ಅದು ಉಳಿದಿರುವುದಕ್ಕೆ ಕಾರಣ ಈ ವೆಚ್ಚದ ವ್ಯತ್ಯಾಸವೇ ಎಂದು ನನ್ನ ಅಭಿಪ್ರಾಯ.

ಮನೆಗೆ ಕಾಯಿ ತಂದರೆ ಖರ್ಚೇ ಇಲ್ಲ. ನಮ್ಮ ಅಮ್ಮಿ ಮಾವಿನಕಾಯಿಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಾರೆ, ಹೊರಟ ಎಥಿಲೀನ್ ಅಲ್ಲೇ ನಿಲ್ಲುತ್ತದೆ. ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಇಟ್ಟರೂ ಆಗುತ್ತದೆ.